ಮಿನಿ ಟ್ರ್ಯಾಕ್ಟರ್‌ಗೆ ಎಂಥ ಟೈರು?

ಮಿನಿ ಟ್ರ್ಯಾಕ್ಟರ್ ಹಗುರವಾದ ಯಂತ್ರ. 15 ಅಶ್ವಶಕ್ತಿಯ ಸ್ವರಾಜ್ 717, ಮಹೀಂದ್ರಾ ಯುವರಾಜ್ 215ರಂಥವು 800 ಕಿಲೋ ಆಚೀಚೆ ತೂಗುತ್ತವೆ, ಸಣ್ಣ ಕಾರೊಂದರಷ್ಟು. ಇಂಥ ಯಂತ್ರ ಎರೆ ಹೊಲದಲ್ಲಿ ಕಲ್ಟಿವೇಟರ್ ಎಳೆಯುವಾಗ ಮೊದಲು ಸೋಲುವುದು ಎಂಜಿನ್ ಅಲ್ಲ, ಗಾಲಿ. ಎಂಜಿನ್‌ನಲ್ಲಿ ಇನ್ನೂ ಕಸುವಿರುತ್ತದೆ, ಗಾಲಿ ಮಾತ್ರ ನಿಂತಲ್ಲೇ ಸುತ್ತುತ್ತದೆ. ದೊಡ್ಡ ಟ್ರ್ಯಾಕ್ಟರ್ ಟೈರಿನ ಕೊರತೆಯನ್ನು ತನ್ನ ತೂಕದಿಂದ ಮುಚ್ಚಿಕೊಳ್ಳುತ್ತದೆ. ಸಣ್ಣದಕ್ಕೆ ಆ ಅನುಕೂಲವಿಲ್ಲ. ಹಾಗಾಗಿ ಟೈರಿನ ಆಯ್ಕೆ ಸಣ್ಣ ಟ್ರ್ಯಾಕ್ಟರ್‌ಗೇ ಹೆಚ್ಚು ಮುಖ್ಯ.

ಟ್ರ್ಯಾಕ್ಟರ್‌ಗೆ ರಬ್ಬರ್ ಗಾಲಿ ಬಂದು ಇನ್ನೂ ನೂರು ವರ್ಷವಾಗಿಲ್ಲ. ಅದಕ್ಕೂ ಮುಂಚೆ ಉಕ್ಕಿನ ಹಲ್ಲುಗಳಿದ್ದ ಕಬ್ಬಿಣದ ಗಾಲಿಗಳೇ ಇದ್ದವು. 1932ರಲ್ಲಿ ಅಮೆರಿಕದ ಅಲಿಸ್-ಚಾಮರ್ಸ್ ಕಂಪನಿ ತನ್ನ ‘ಮಾಡೆಲ್ ಯು’ ಟ್ರ್ಯಾಕ್ಟರ್‌ಗೆ ಫೈರ್‌ಸ್ಟೋನ್‌ನ ಗಾಳಿ ತುಂಬಿದ ಟೈರು ಹಾಕಿ ಮಾರಾಟಕ್ಕಿಟ್ಟಿತು. ರಬ್ಬರು ಹೊಲದಲ್ಲಿ ನಿಲ್ಲುತ್ತದೆಂದು ಒಪ್ಪಲು ರೈತರು ಹಿಂಜರಿದಾಗ ಕಂಪನಿ ಆ ಟ್ರ್ಯಾಕ್ಟರನ್ನು ರೇಸಿಗೂ ಇಳಿಸಿತು. ಗಾಲಿಯ ಕೆಳಗೆ ನೆಲ ಕಡಿಮೆ ಜಗ್ಗಿದ್ದರಿಂದ ಇಂಧನ ಉಳಿಯಿತು, ರಸ್ತೆಯಲ್ಲಿ ಓಡಿಸುವುದೂ ಸಾಧ್ಯವಾಯಿತು. ಹೊಲಕ್ಕೂ ಬೇಕು, ರಸ್ತೆಗೂ ಬೇಕು ಎನ್ನುವ ಇಂದಿನ ಎಳೆದಾಟ ಶುರುವಾದದ್ದೂ ಅಲ್ಲಿಂದಲೇ.

ಟ್ರ್ಯಾಕ್ಟರ್ ಟೈರುಗಳನ್ನು ಹಲ್ಲಿನ ವಿನ್ಯಾಸದ ಮೇಲೆ ವಿಂಗಡಿಸುತ್ತಾರೆ. ಅಮೆರಿಕದ ಟೈರ್ ಅಂಡ್ ರಿಮ್ ಅಸೋಸಿಯೇಷನ್ ಕೊಟ್ಟ ಗುರುತುಗಳೇ ಇಲ್ಲಿಯೂ ಚಾಲ್ತಿಯಲ್ಲಿವೆ. ಆರ್-1 ಎಂದರೆ ಒಣ ಬೇಸಾಯದ ಸಾಮಾನ್ಯ ಟೈರು: ಓರೆಯಾಗಿ ಎದ್ದು ನಿಂತ ಹಲ್ಲು, ನಡುವೆ ಅಗಲವಾದ ಸಂದು. ನಮ್ಮ ಮಿನಿ ಟ್ರ್ಯಾಕ್ಟರ್‌ಗಳ ಹಿಂದಿನ ಗಾಲಿಗೆ ಷೋರೂಮಿನಿಂದಲೇ ಬರುವುದು ಬಹುಮಟ್ಟಿಗೆ ಈ ಬಗೆಯದು. ಅದಕ್ಕಿಂತ ಕಾಲು ಭಾಗದಷ್ಟು ಹೆಚ್ಚು ಆಳದ ಹಲ್ಲಿದ್ದರೆ ಆರ್-1ಡಬ್ಲ್ಯು, ಸುಮಾರು ಎರಡು ಪಟ್ಟು ಆಳವಿದ್ದರೆ ಆರ್-2. ಈ ಕೊನೆಯದು ಭತ್ತದ ಗದ್ದೆಗೂ ಹಸಿ ಕಬ್ಬಿನ ಹೊಲಕ್ಕೂ ಹೇಳಿ ಮಾಡಿಸಿದ್ದು. ಆರ್-3 ಹುಲ್ಲುಹಾಸಿನ ಟೈರು. ಗಾಲ್ಫ್ ಮೈದಾನ, ಕ್ರಿಕೆಟ್ ಅಂಗಳಗಳಲ್ಲಿ ಹುಲ್ಲಿಗೆ ಗಾಯವಾಗದಂತೆ ಓಡಾಡುತ್ತದೆ. ಆರ್-4 ಗಟ್ಟಿ ನೆಲದ, ಲೋಡರ್ ಕೆಲಸದ ಟೈರು. ಅಮೆರಿಕದಲ್ಲಿ ಮನೆಯಂಗಳದ ಸಣ್ಣ ಟ್ರ್ಯಾಕ್ಟರ್‌ಗೆ ಇವೆರಡೂ ಬಹಳ ಬಳಕೆಯಲ್ಲಿವೆ. ನಮ್ಮ ರೈತನಿಗೆ ಇವುಗಳ ಗೊಡವೆ ಅಷ್ಟಾಗಿ ಬರುವುದಿಲ್ಲ.

ಹಾಗಾದರೆ ಆಳವಾದ ಹಲ್ಲೇ ಮೇಲೆಂದು ಅನ್ನಿಸುವುದು ಸಹಜ. ಹಲವರು ಎಡವುವುದೂ ಇಲ್ಲಿಯೇ. ಗಂಗಾವತಿ, ಸಿಂಧನೂರು ಕಡೆಯ ಕೆಸರುಗದ್ದೆಯಲ್ಲಿ ಹಲ್ಲಿನ ಸಂದಿಗೆ ಮಣ್ಣು ಮೆತ್ತಿಕೊಂಡರೆ ಆರ್-1 ಟೈರು ನುಣುಪು ಉರುಳೆಯಾಗಿಬಿಡುತ್ತದೆ. ಅಲ್ಲಿ ಆಳವಾದ ಹಲ್ಲು ಬೇಕೇ ಬೇಕು, ಇಲ್ಲವೇ ಟೈರಿನ ಜೊತೆಗೆ ಕಬ್ಬಿಣದ ಕೇಜ್ ವೀಲ್ ಕಟ್ಟಬೇಕು. ಅದೇ ಆರ್-2 ಟೈರು ಡಾಂಬರು ರಸ್ತೆಗೆ ಬಂದರೆ ಎತ್ತರದ ಹಲ್ಲು ಪ್ರತಿ ಸುತ್ತಿಗೂ ಬಾಗಿ ಉಜ್ಜಿ ಬೇಗ ಸವೆಯುತ್ತದೆ, ಚಾಲಕನ ಬೆನ್ನಿಗೂ ನಡುಕ ತಪ್ಪದು. ವರ್ಷಕ್ಕೆ ಹದಿನೈದು ದಿನ ಗದ್ದೆಯಲ್ಲಿದ್ದು, ಉಳಿದ ಕಾಲವೆಲ್ಲ ಟ್ರೇಲರ್ ಕಟ್ಟಿಕೊಂಡು ಊರಿಂದೂರಿಗೆ ಓಡುವ ಯಂತ್ರಕ್ಕೆ ಗದ್ದೆಯ ಟೈರು ಹಾಕಿದರೆ ದುಡ್ಡು ರಸ್ತೆಯಲ್ಲಿ ಉಜ್ಜಿಹೋದಂತೆ. ಆರ್-1 ಇಟ್ಟುಕೊಂಡು ಆ ಹದಿನೈದು ದಿನಕ್ಕೆ ಕೇಜ್ ವೀಲ್ ಹಾಕುವುದೇ ಲೇಸು. ಕೇಜ್ ವೀಲ್ ಇಟ್ಟುಕೊಂಡೇ ರಸ್ತೆಗೆ ಇಳಿಯಬಾರದು, ಅದು ಡಾಂಬರನ್ನು ಕಿತ್ತುಹಾಕುತ್ತದೆ.

ಅಡಿಕೆ ತೋಟದ ಲೆಕ್ಕವೇ ಬೇರೆ. ಅಲ್ಲಿ ಮಿನಿ ಟ್ರ್ಯಾಕ್ಟರ್‌ನ ಮುಖ್ಯ ಕೆಲಸ ರೋಟವೇಟರ್ ಓಡಿಸುವುದು. ರೋಟವೇಟರ್‌ನ ಬ್ಲೇಡುಗಳು ಗಾಲಿ ಉರುಳುವ ದಿಕ್ಕಿನಲ್ಲೇ ತಿರುಗಿ ಮಣ್ಣನ್ನು ಕಡಿಯುವಾಗ ಟ್ರ್ಯಾಕ್ಟರನ್ನು ಮುಂದಕ್ಕೆ ನೂಕುತ್ತವೆ. ನೇಗಿಲು, ಕಲ್ಟಿವೇಟರ್‌ಗಳು ಹಿಂದಕ್ಕೆ ಜಗ್ಗುತ್ತವೆ. ನೂಕುವ ಉಪಕರಣ ಕಟ್ಟಿದ ಟ್ರ್ಯಾಕ್ಟರ್‌ಗೆ ಆಳ ಹಲ್ಲಿನಿಂದ ಹೆಚ್ಚಿನ ಲಾಭವಿಲ್ಲ. ಅಡಿಕೆಯ ಹೀರುಬೇರು ಮೇಲ್ಮಣ್ಣಿನಲ್ಲೇ ಹರಡಿರುವುದರಿಂದ ತಿರುವಿನಲ್ಲಿ ಚೂಪು ಹಲ್ಲು ನೆಲ ಕಿತ್ತರೆ ನಷ್ಟವೇ. ಇಂಥ ಕಡೆ ಅರ್ಧ ಸವೆದ ಆರ್-1 ಟೈರು ಹೊಸದಕ್ಕಿಂತ ಸೌಮ್ಯವಾಗಿ ಕೆಲಸ ಮಾಡುವುದುಂಟು. ಹತ್ತಿ, ಮೆಕ್ಕೆಜೋಳದ ಸಾಲುಗಳ ನಡುವೆ ಎಡೆ ಹೊಡೆಯುವವರಿಗೆ ಹಲ್ಲಿಗಿಂತ ಅಗಲ ಮುಖ್ಯ: ಟೈರು ಕಿರಿದಾಗಿದ್ದಷ್ಟೂ ಬೆಳೆ ತುಳಿಯುವುದು ಕಡಿಮೆ. ಹಿಂದಿನ ಗಾಲಿಯ ಡಿಸ್ಕನ್ನು ತಿರುಗಿಸಿ ಕೂರಿಸಿದರೆ ಎರಡು ಗಾಲಿಗಳ ನಡುವಿನ ಅಂತರವನ್ನು ಸಾಲಿಗೆ ಹೊಂದಿಸಿಕೊಳ್ಳಬಹುದು. ಅಂತರ ತೀರ ಕಿರಿದಾದರೆ ಬದುವಿನ ಇಳಿಜಾರಿನಲ್ಲಿ ಟ್ರ್ಯಾಕ್ಟರ್ ಮಗುಚುವ ಅಪಾಯ ಹೆಚ್ಚುತ್ತದೆ ಎಂಬುದನ್ನೂ ನೆನಪಿಡಬೇಕು.

ಟೈರಿನ ಪಕ್ಕೆಯ ಮೇಲಿನ ಅಂಕಿಗಳನ್ನು ಓದುವುದು ಕಷ್ಟವಲ್ಲ. ಸ್ವರಾಜ್ 717ರ ಹಿಂದಿನ ಗಾಲಿಯ 8-18 ಎಂಬ ಗುರುತಿನಲ್ಲಿ ಮೊದಲ ಅಂಕಿ ಟೈರಿನ ಅಗಲ, ಎರಡನೆಯದು ರಿಮ್ಮಿನ ವ್ಯಾಸ, ಎರಡೂ ಇಂಚಿನಲ್ಲಿ. ನಡುವಿನ ಅಡ್ಡಗೀಟು ಟೈರು ಬಯಾಸ್ ಬಗೆಯದೆಂದು ಹೇಳುತ್ತದೆ, ಅಂದರೆ ಒಳಗಿನ ನೈಲಾನ್ ಪದರಗಳು ಓರೆಯಾಗಿ ಒಂದರ ಮೇಲೊಂದು ಹೆಣೆದಿವೆ. ಅಡ್ಡಗೀಟಿನ ಜಾಗದಲ್ಲಿ ‘ಆರ್’ ಇದ್ದರೆ ರೇಡಿಯಲ್. ಅದರ ಪಕ್ಕೆ ಮೆತ್ತಗೆ ಬಾಗಿ ನೆಲದ ಮೇಲೆ ಉದ್ದನೆಯ ಹೆಜ್ಜೆ ಊರುತ್ತದೆ, ಹಿಡಿತ ಹೆಚ್ಚು, ಬೆಲೆಯೂ ಹೆಚ್ಚು. ಆದರೆ ತೊಗರಿ ಕೂಳೆ, ಜಾಲಿಮುಳ್ಳು ತುಂಬಿದ ಹೊಲದಲ್ಲಿ ಬಯಾಸ್‌ನ ದಪ್ಪ ಪಕ್ಕೆಯೇ ಹೆಚ್ಚು ತಡೆಯುತ್ತದೆ. ಸಣ್ಣ ಟ್ರ್ಯಾಕ್ಟರ್‌ಗೆ ರೇಡಿಯಲ್ ಇಲ್ಲವೆಂದು ಕೊರಗಬೇಕಾದ್ದಿಲ್ಲ.

6 ಪಿಆರ್, 8 ಪಿಆರ್ ಎಂಬ ಗುರುತು ಹೊರುವ ಬಲವನ್ನು ಸೂಚಿಸುತ್ತದೆ. ಹಿಂದೆ ಹತ್ತಿ ನೂಲಿನ ಪದರಗಳನ್ನು ಎಣಿಸಿ ಹೇಳುತ್ತಿದ್ದ ಲೆಕ್ಕವಿದು. ಈಗ 8 ಪಿಆರ್ ಟೈರಿನೊಳಗೆ ಎಂಟು ಪದರ ಇರಲೇಬೇಕೆಂದಿಲ್ಲ, ಅಷ್ಟು ಬಲವಿದೆ ಎಂದಷ್ಟೇ ಅರ್ಥ. ಅಂಗಡಿಯಲ್ಲಿ ಟೈರುಗಳ ಹೆಸರು ಕೇಳಿದರೆ ಮಾತ್ರ ಎಲ್ಲವೂ ಬೇಕೆನಿಸುತ್ತದೆ: ಶಕ್ತಿ, ಕೃಷಕ್, ವಜ್ರ, ಸಂಪೂರ್ಣ, ಆಯುಷ್ಮಾನ್. ಹೆಸರಿಗೆ ಮನಸೋಲುವ ಮೊದಲು ಅಳತೆ, ಪಿಆರ್, ಹಲ್ಲಿನ ಬಗೆ ಮತ್ತು ತಯಾರಾದ ದಿನ ನೋಡಬೇಕು. ದಿನವನ್ನು ನಾಲ್ಕು ಅಂಕಿಗಳಲ್ಲಿ ಅಚ್ಚೊತ್ತಿರುತ್ತಾರೆ. 2324 ಎಂದರೆ 2024ರ 23ನೇ ವಾರ. ವರ್ಷಗಟ್ಟಲೆ ಬಿಸಿಲು ತಿಂದು ಅಂಗಡಿಯ ಮುಂದೆ ನಿಂತ ಟೈರು ಹೊಸದಾದರೂ ಅದರ ರಬ್ಬರು ಹಳೆಯದು.

‘ಒಂದು ಸೈಜು ದೊಡ್ಡದು ಹಾಕಿದರೆ ಎಳೆತ ಹೆಚ್ಚುತ್ತದೆ’ ಎಂಬ ಮಾತು ಟೈರಂಗಡಿಯಲ್ಲಿ ಧಾರಾಳವಾಗಿ ಸಿಗುತ್ತದೆ. ಗಾಲಿ ದೊಡ್ಡದಾದರೆ ಅದೇ ಗೇರಿನಲ್ಲಿ ವೇಗ ಹೆಚ್ಚಿ ಜಗ್ಗುವ ಬಲ ತಗ್ಗುತ್ತದೆ, ಗೇರ್‌ಬಾಕ್ಸಿನ ಮೇಲಿನ ಭಾರ ಏರುತ್ತದೆ. ಫೋರ್ ವೀಲ್ ಡ್ರೈವ್ ಟ್ರ್ಯಾಕ್ಟರ್‌ನಲ್ಲಂತೂ ಇದು ದುಬಾರಿ ತಪ್ಪು. ಅಲ್ಲಿ ಮುಂದಿನ ಗಾಲಿ ಹಿಂದಿನದಕ್ಕಿಂತ ಶೇಕಡಾ 1ರಿಂದ 5ರಷ್ಟು ಮುಂಚೂಣಿಯಲ್ಲಿ ಉರುಳುವಂತೆ ಗೇರುಗಳನ್ನು ಲೆಕ್ಕ ಹಾಕಿ ಕೂರಿಸಿರುತ್ತಾರೆ. ಹಿಂದಿನ ಟೈರಷ್ಟೇ ದೊಡ್ಡದಾದರೆ ಮುಂದಿನ ಗಾಲಿ ಎಳೆಯುವ ಬದಲು ತಡೆಯತೊಡಗುತ್ತದೆ. ಒಂದು ಆಕ್ಸೆಲ್ ಇನ್ನೊಂದರ ಜೊತೆ ಜಗಳಕ್ಕೆ ಬಿದ್ದು ಟೈರು ಸವೆಯುತ್ತದೆ, ಆಮೇಲೆ ಗೇರಿನ ಹಲ್ಲು ಸದ್ದು ಮಾಡುತ್ತದೆ. ಕಂಪನಿಯ ಪುಸ್ತಕದಲ್ಲಿ ಕೊಟ್ಟ ಜೋಡಿ ಅಳತೆಗಳನ್ನು ಬಿಟ್ಟು ಬೇರೆಯದನ್ನು ಹಾಕದಿರುವುದೇ ಕ್ಷೇಮ. ಎಡಕ್ಕೆ ಹೊಸದು, ಬಲಕ್ಕೆ ಬೋಳಾದದ್ದು ಎಂಬಂಥ ಜೋಡಿಯೂ ಸಲ್ಲದು.

ಸರಿಯಾದ ಟೈರಿದ್ದೂ ಗಾಲಿ ಜಾರುತ್ತಿದೆಯೇ ಎಂದು ತಿಳಿಯಲು ಯಾವ ಉಪಕರಣವೂ ಬೇಡ. ಹಿಂದಿನ ಟೈರಿಗೆ ಸುಣ್ಣದ ಗೀಟು ಎಳೆದು, ಕಲ್ಟಿವೇಟರ್ ಎತ್ತಿಕೊಂಡು ಅದೇ ಹೊಲದಲ್ಲಿ ಹತ್ತು ಸುತ್ತಿಗೆ ಎಷ್ಟು ದೂರ ಹೋಯಿತೆಂದು ಅಳೆಯಬೇಕು. ಆಮೇಲೆ ಕಲ್ಟಿವೇಟರ್ ಇಳಿಸಿ ಉಳುತ್ತಾ ಮತ್ತೆ ಹತ್ತು ಸುತ್ತು ಅಳೆಯಬೇಕು. ಮೊದಲು 25 ಮೀಟರ್, ಆಮೇಲೆ 22 ಮೀಟರ್ ಬಂದರೆ ಜಾರಿಕೆ ಶೇಕಡಾ 12. ಹೊಲದಲ್ಲಿ ಶೇಕಡಾ 8ರಿಂದ 15ರವರೆಗಿನ ಜಾರಿಕೆ ಸರಿಯಾದದ್ದೇ. ಅದಕ್ಕಿಂತ ಹೆಚ್ಚಾದರೆ ಡೀಸೆಲ್ಲೂ ಟೈರೂ ಒಟ್ಟಿಗೆ ಖರ್ಚಾಗುತ್ತವೆ. ಜಾರಿಕೆ ತೀರ ಕಡಿಮೆಯಾದರೆ ಟ್ರ್ಯಾಕ್ಟರ್ ಬೇಡದ ತೂಕ ಹೊತ್ತು ಓಡುತ್ತಿದೆ ಎಂದರ್ಥ.

ಜಾರಿಕೆ ಹೆಚ್ಚಿದ್ದರೆ ಹೊಸ ಟೈರಿಗೆ ದುಡ್ಡು ಹೊಂದಿಸುವ ಮೊದಲು ಹಿಂದಿನ ಟ್ಯೂಬಿಗೆ ನೀರು ತುಂಬಿಸಿ ನೋಡಬಹುದು. ಗಾಲಿಯನ್ನು ವಾಲ್ವ್ ನೆತ್ತಿಗೆ ಬರುವಂತೆ ನಿಲ್ಲಿಸಿ ವಾಲ್ವ್ ಮಟ್ಟಕ್ಕೆ ತುಂಬಿದರೆ ಟ್ಯೂಬಿನ ಮುಕ್ಕಾಲು ಪಾಲು ನೀರು, ಉಳಿದದ್ದು ಗಾಳಿ. ಹಿಮ ಬೀಳುವ ದೇಶಗಳಲ್ಲಿ ನೀರು ಹೆಪ್ಪುಗಟ್ಟದಂತೆ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುತ್ತಾರೆ, ನಮಗೆ ಬಾವಿಯ ನೀರು ಸಾಕು. ಗಾಳಿಯ ಒತ್ತಡವೂ ಹಿಡಿತವನ್ನು ಬದಲಿಸುತ್ತದೆ. ಟೈರು ಮೇಲ್ಮಣ್ಣನ್ನು ಒತ್ತುವ ಬಲ ಹೆಚ್ಚುಕಡಿಮೆ ಅದರೊಳಗಿನ ಗಾಳಿಯ ಒತ್ತಡದಷ್ಟೇ. ಹೊಲಕ್ಕೆ ಇಳಿಯುವಾಗ ಪುಸ್ತಕ ಹೇಳಿದ ಕೆಳಮಿತಿಗೆ ಗಾಳಿ ಬಿಟ್ಟರೆ ಹೆಜ್ಜೆ ಅಗಲವಾಗಿ ಮಣ್ಣು ಕಡಿಮೆ ಗಟ್ಟಿಯಾಗುತ್ತದೆ. ಟ್ರೇಲರ್ ಕಟ್ಟಿ ರಸ್ತೆಗೆ ಬರುವಾಗ ಮತ್ತೆ ಏರಿಸಬೇಕು, ಇಲ್ಲದಿದ್ದರೆ ಪಕ್ಕೆ ಬಿರಿಯುತ್ತದೆ.

ಹೊಸ ಟೈರು ಕೂರಿಸುವಾಗ ಪಕ್ಕೆಯ ಮೇಲಿನ ಬಾಣ ಗಾಲಿ ಮುಂದಕ್ಕೆ ಉರುಳುವ ದಿಕ್ಕಿಗಿರಬೇಕು. ಟ್ರ್ಯಾಕ್ಟರ್‌ನ ಹಿಂದೆ ನಿಂತು ನೋಡಿದರೆ ಹಲ್ಲುಗಳು ಕೂಡುವ ಮೊನೆ ಮೇಲ್ಮುಖವಾಗಿ ಕಾಣಬೇಕು. ಆಗ ಮೊದಲು ಮೊನೆ ನೆಲಕ್ಕೆ ಊರಿ, ಮಣ್ಣು ಸಂದಿನಿಂದ ಹೊರಕ್ಕೆ ಜಾರಿಹೋಗುತ್ತದೆ. ಅವಸರದಲ್ಲಿ ಎಡದ ಟೈರು ಬಲಕ್ಕೆ ಸೇರಿದರೆ ಅದೇ ಮಣ್ಣು ನಡುವಿಗೆ ಒತ್ತಿ ಅಂಟಿಕೊಳ್ಳುತ್ತದೆ, ಎಂಥ ಒಳ್ಳೆಯ ಟೈರಾದರೂ ಕೆಸರಿನಲ್ಲಿ ಬೋಳು ಟೈರಿನಂತೆಯೇ ಜಾರುತ್ತದೆ.