ಬಿಲ್ಲೆಯೋ, ಕಲ್ಲೋ?

ಬಿಡುವು ದುಡಿಯುವವನಿಗೆ ವರ. ಕೆಲಸವಿಲ್ಲದವನಿಗೆ ಅದೇ ಭಾರ. ಅಮೆರಿಕದಲ್ಲಿ ನೆಲೆಸಿದ ಮಕ್ಕಳ ಮನೆಗೆ ಆರು ತಿಂಗಳ ಮಟ್ಟಿಗೆ ಹೋಗಿಬರುವ ನಮ್ಮ ಕಡೆಯ ತಂದೆತಾಯಿಗಳಿಗೆ ಈ ಮಾತಿನ ಅರ್ಥ ಚೆನ್ನಾಗಿ ತಿಳಿದಿದೆ. ಬೆಳಿಗ್ಗೆ ಎಂಟಕ್ಕೆ ಮನೆ ಬರಿದಾಗುತ್ತದೆ. ಕಾರು ನಡೆಸಲು ಬಾರದವನಿಗೆ ಬೀದಿಯ ಕೊನೆಯೇ ಲೋಕದ ಕೊನೆ. ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ನಾನೂ ಅಂಥ ಆರು ತಿಂಗಳು ಕಳೆದವನು. ನಡೆದುಹೋಗುವಷ್ಟು ದೂರದಲ್ಲಿ ಒಂದು ಉದ್ಯಾನ, ಅದರ ಅಂಚಿನಲ್ಲಿ ಒಂದು ಹೊಳೆ. ಉದ್ಯಾನದಲ್ಲಿ ಡಿಸ್ಕ್ ಗಾಲ್ಫ್ ಎಂಬ ಬಿಲ್ಲೆಯಾಟ. ಹೊಳೆಯ ದಂಡೆಯಲ್ಲಿ ನೀರಿನ ಮೇಲೆ ಕಲ್ಲು ಕುಪ್ಪಳಿಸುವ ಆಟ. ಇವೆರಡರಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು? ಪ್ರಶ್ನೆ ಹಗುರವೆಂದು ತೋರಬಹುದು. ಆದರೆ ಇಡೀ ಹಗಲು ಗೋಡೆ ನೋಡುತ್ತ ಕುಳಿತವನಿಗೆ ಅದು ಹಗುರವಲ್ಲ.

ಮೊದಲು ಬಿಲ್ಲೆಯ ವಿಚಾರ. ಗಾಲ್ಫ್ ಆಟದಲ್ಲಿ ಚೆಂಡನ್ನು ಕೋಲಿನಿಂದ ಹೊಡೆದು ಕುಳಿಗೆ ಬೀಳಿಸುತ್ತಾರೆ. ಇಲ್ಲಿ ಚೆಂಡಿಗೆ ಬದಲು ಪ್ಲಾಸ್ಟಿಕ್ ಬಿಲ್ಲೆ. ಕುಳಿಗೆ ಬದಲು ಕಂಬಕ್ಕೆ ಬಿಗಿದ ಕಬ್ಬಿಣದ ಬುಟ್ಟಿ. ಬುಟ್ಟಿಯ ಮೇಲೆ ಸರಪಳಿಗಳು ಜೋತುಬಿದ್ದಿರುತ್ತವೆ. ಹಾರಿಬಂದ ಬಿಲ್ಲೆ ಅವಕ್ಕೆ ತಾಗಿ, ಸದ್ದು ಮಾಡಿ, ಒಳಗೆ ಬೀಳಬೇಕು. ಸಾಮಾನ್ಯವಾಗಿ ಹದಿನೆಂಟು ಬುಟ್ಟಿಗಳು. ಎಲ್ಲವನ್ನೂ ಅತಿ ಕಡಿಮೆ ಎಸೆತಗಳಲ್ಲಿ ಮುಗಿಸಿದವನು ಗೆದ್ದ. ಫ್ರಿಸ್ಬೀ ತಟ್ಟೆಯನ್ನು ತಿದ್ದಿ ರೂಪಿಸಿ 1967ರಲ್ಲಿ ಪೇಟೆಂಟ್ ಪಡೆದ ಎಡ್ ಹೆಡ್ರಿಕ್ ಎಂಬವರೇ ಈ ಆಟಕ್ಕೂ ರೂಪ ಕೊಟ್ಟವರು. 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಉದ್ಯಾನದಲ್ಲಿ ಅವರು ಮೊದಲ ಕಾಯಂ ಅಂಗಳವನ್ನು ಅಣಿಮಾಡಿದರು. 1977ರಲ್ಲಿ ಸರಪಳಿಬುಟ್ಟಿಗೆ ಪೇಟೆಂಟ್ ದೊರೆಯಿತು. 2002ರಲ್ಲಿ ಅವರು ತೀರಿಕೊಂಡಾಗ, ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಬೆರೆಸಿ ಕೆಲವು ಬಿಲ್ಲೆಗಳನ್ನೇ ಎರಕಹೊಯ್ದರು. ಆಟದ ಮೇಲಣ ಪ್ರೀತಿ ಎಲ್ಲಿಯವರೆಗೆ ಹೋಗಬಲ್ಲುದು ನೋಡಿ!

ಕಲ್ಲಿನ ಆಟಕ್ಕೆ ಪೇಟೆಂಟೂ ಇಲ್ಲ, ಜನಕನೂ ಇಲ್ಲ. ಕೆರೆಯ ಏರಿಯ ಮೇಲೆ ನಿಂತು ಬೋಕಿಬಿಲ್ಲೆ ಬೀಸಿದವರಿಗೆ ಅದನ್ನು ವಿವರಿಸಬೇಕಾದುದೂ ಇಲ್ಲ. ರೋಮನ್ ಲೇಖಕ ಮಿನೂಸಿಯಸ್ ಫೆಲಿಕ್ಸ್, ಕಡಲು ತಿಕ್ಕಿ ನಯಗೊಳಿಸಿದ ಚೂರುಗಳನ್ನು ಹುಡುಗರು ಅಲೆಗಳ ಮೇಲೆ ಹಾರಿಸುತ್ತಿದ್ದುದನ್ನು ಸುಮಾರು ಸಾವಿರದ ಎಂಟುನೂರು ವರ್ಷಗಳ ಹಿಂದೆಯೇ ಬಣ್ಣಿಸಿದ್ದಾನೆ. ಸ್ಕಾಟ್ಲೆಂಡಿನ ಪಶ್ಚಿಮ ತೀರದ ಈಸ್‌ಡೇಲ್ ಎಂಬ ಪುಟ್ಟ ದ್ವೀಪದಲ್ಲಿ, ನೀರು ತುಂಬಿದ ಹಳೆಯ ಕಲ್ಲುಗಣಿಯೊಂದರಲ್ಲಿ ಇದರ ವಿಶ್ವ ಪಂದ್ಯ ನಡೆಯುತ್ತದೆ. 1983ರಲ್ಲಿ ಮೊದಲಾದ ಆ ಪಂದ್ಯ ನಡುವೆ ನಿಂತು, 1997ರಲ್ಲಿ ಮತ್ತೆ ಚಿಗುರಿತು. ಅಲ್ಲಿ ಅಳೆಯುವುದು ಕಲ್ಲು ಸಾಗಿದ ದೂರವನ್ನು. ಕುಪ್ಪಳಗಳನ್ನೇ ಎಣಿಸುವ ದಾಖಲೆ ಬೇರೆ: 2013ರಲ್ಲಿ ಕರ್ಟ್ ಸ್ಟೈನರ್ ಎಂಬವರು ಪೆನ್ಸಿಲ್ವೇನಿಯಾದಲ್ಲೇ ಒಂದು ಕಲ್ಲನ್ನು 88 ಸಲ ಕುಪ್ಪಳಿಸಿ ವಿಶ್ವದಾಖಲೆ ಮಾಡಿದರು.

ನೋಡುವುದಕ್ಕೆ ಬೇರೆಯಾದರೂ ಎರಡು ಆಟಗಳ ಗುಟ್ಟು ಒಂದೇ. ಅದು ತಿರುಗುವಿಕೆ. ಬುಗುರಿ ತಿರುಗುವಷ್ಟು ಹೊತ್ತು ನೆಟ್ಟಗೆ ನಿಲ್ಲುವುದಿಲ್ಲವೆ? ಹಾಗೆಯೇ, ಮಣಿಕಟ್ಟಿನ ಸೆಳೆತದಿಂದ ತಿರುಗಿದ ಬಿಲ್ಲೆ ಗಾಳಿಯಲ್ಲಿ ಮಗುಚುವುದಿಲ್ಲ. ತಿರುಗಿದ ಕಲ್ಲು ನೀರು ತಾಗಿದರೂ ತನ್ನ ಓರೆಯನ್ನು ಬಿಡುವುದಿಲ್ಲ. ಆ ಓರೆ ಎಷ್ಟಿರಬೇಕು? ಫ್ರಾನ್ಸಿನ ವಿಜ್ಞಾನಿಗಳಾದ ಕ್ಲಾನೆ, ಎರ್ಸನ್, ಬೊಕೆ ಎಂಬವರು ಪ್ರಯೋಗ ನಡೆಸಿ 2004ರಲ್ಲಿ ಉತ್ತರ ಕೊಟ್ಟರು: ಕಲ್ಲಿನ ಮುಂಚು ನೀರಿನ ಮಟ್ಟದಿಂದ ಸುಮಾರು 20 ಡಿಗ್ರಿ ಮೇಲೆದ್ದಿರಬೇಕು. ಆಗ ಕಲ್ಲು ನೀರಿಗೆ ತಾಗಿರುವ ಕಾಲ ಅತ್ಯಲ್ಪ, ವೇಗದ ನಷ್ಟವೂ ಅತ್ಯಲ್ಪ. ಬಲಗೈಯವನು ಎದೆಯ ಮುಂದಿನಿಂದ ಬೀಸಿ ಎಸೆದ ಬಿಲ್ಲೆಯಾದರೋ, ವೇಗ ಕುಗ್ಗಿದಂತೆ ಎಡಕ್ಕೆ ವಾಲುತ್ತದೆ. ಇಷ್ಟನ್ನು ತಿಳಿದುಕೊಂಡರೆ ತೋಳಿನ ಬಲ ಅಷ್ಟಾಗಿ ಬೇಕಿಲ್ಲ. ವಯಸ್ಸಾದವರಿಗೆ ಇದೊಂದು ಸಮಾಧಾನ.

ವೆಚ್ಚದ ಮಾತಿಗೆ ಬಂದರೆ ಕಲ್ಲಿಗೆ ಕಾಸಿಲ್ಲ. ಬಿಲ್ಲೆಗಳು ಮೂರು ಬಗೆಯವು: ದೂರಕ್ಕೊಂದು, ನಡುದೂರಕ್ಕೊಂದು, ಬುಟ್ಟಿಯ ಸಮೀಪಕ್ಕೊಂದು. ಮೊದಲಿಗೆ ಒಂದೇ ಸಾಕು. ಅಂಗಳಗಳು ಬಹುಮಟ್ಟಿಗೆ ಸಾರ್ವಜನಿಕ ಉದ್ಯಾನಗಳಲ್ಲಿದ್ದು, ಅನೇಕ ಕಡೆ ಶುಲ್ಕವಿರುವುದಿಲ್ಲ. ತೊಡಕುಗಳೂ ಉಂಟು. ಬಿಲ್ಲೆಯ ಪೆಟ್ಟಿಗೆ ಮರದ ತೊಗಟೆ ಗಾಯಗೊಳ್ಳುತ್ತದೆ. ಕಲ್ಲಿಗಾಗಿ ಹೊಳೆಯ ತಳವನ್ನು ಕೆದಕಿದರೆ ಅದರಡಿಯ ಜಲಕೀಟಗಳ ಮನೆ ಮುರಿಯುತ್ತದೆ. ಈಜುವವರಾಗಲಿ ಹಕ್ಕಿಗಳಾಗಲಿ ಇದ್ದಲ್ಲಿ ಕಲ್ಲು ಬೀಸಲೇಬಾರದು. ಮುಂದೆ ಜನರಿದ್ದರೆ ಬಿಲ್ಲೆಯನ್ನೂ ಎಸೆಯಬಾರದು.

ಆದರೆ ನಿಜವಾದ ಭೇದ ಇವಾವುವೂ ಅಲ್ಲ. ಎಸೆದ ಬಿಲ್ಲೆಯ ಹಿಂದೆ ನಾವು ನಡೆದುಹೋಗಬೇಕು. ಎಸೆದ ಕಲ್ಲನ್ನು ಬಿಟ್ಟುಕೊಡಬೇಕು. ಬಿಲ್ಲೆ ನಮ್ಮನ್ನು ನಡೆಸುತ್ತದೆ, ಪೊದೆಯಲ್ಲಿ ಹುಡುಕಿಸುತ್ತದೆ, ಹುಡುಕುವಾಗ ಅಪರಿಚಿತನನ್ನು ನೆರವಿಗೆ ಕರೆತರುತ್ತದೆ. ಉದ್ಯಾನದಲ್ಲಿ ನನ್ನೊಡನೆ ಮೊದಲು ಮಾತನಾಡಿದವರು, ನನ್ನ ಬಿಲ್ಲೆಯನ್ನು ಮುಳ್ಳುಗಿಡದಿಂದ ತೆಗೆದುಕೊಟ್ಟ ಒಬ್ಬ ನಿವೃತ್ತ ಅಂಚೆಯವರು. ಮರುದಿನದಿಂದ ನಾವು ಜೊತೆಯಾಗಿ ಆಡಿದೆವು. ಕಲ್ಲಿನ ಆಟದಲ್ಲಿ ಇಂಥ ಪರಿಚಯ ನನಗೆ ಒದಗಲಿಲ್ಲ; ಅಲ್ಲಿ ಒದಗಿದ್ದು ಮೌನ. ಮನಸ್ಸು ತುಂಬಿ ತುಳುಕುತ್ತಿರುವವನಿಗೆ ಮೌನ ಮದ್ದು. ಮಾತಿಲ್ಲದೆ ಸೊರಗಿದವನಿಗೆ ಅದು ಮತ್ತಷ್ಟು ಅದೇ ರೋಗ.

ಆದುದರಿಂದ ನನ್ನ ಸಲಹೆ ಇಷ್ಟು. ಹವ್ಯಾಸವನ್ನು ಆರಿಸುವ ಮುನ್ನ ಯಾವುದು ಉತ್ತಮ ಎಂದು ಕೇಳಬೇಡಿ. ನಮಗೆ ಯಾವುದರ ಕೊರತೆ ಎಂದು ಕೇಳಿಕೊಳ್ಳಿ. ಮಕ್ಕಳ ಮನೆಗೆ ಹೋಗುವ ಹಿರಿಯರು ವಾರದ ಹಗಲುಗಳಿಗೆ ಬಿಲ್ಲೆಯನ್ನು ಹಿಡಿಯಲಿ. ಭಾನುವಾರ ಮೊಮ್ಮಗನ ಕೈಹಿಡಿದು ಹೊಳೆಗೆ ಹೋಗಲಿ. ಕನ್ನಡದಲ್ಲಿ ಮಾತನಾಡಲು ಸಂಕೋಚಪಡುವ ಮಗುವೂ ನೀರಿನ ಮೇಲೆ ಕಲ್ಲು ಕುಪ್ಪಳಿಸುವಾಗ ಅಜ್ಜನೊಡನೆ ಒಂದು, ಎರಡು, ಮೂರು ಎಂದು ಕೂಗಿ ಎಣಿಸೀತು. ಅಲ್ಲಿ ಐದು ಕುಪ್ಪಳವೇ ದೊಡ್ಡ ದಾಖಲೆ.