ರಸಾನಂದವೂ ಧರ್ಮಬುದ್ಧಿಯೂ

ಕಾವ್ಯವು ಆನಂದವನ್ನೀಯಬೇಕೋ, ನೀತಿಯನ್ನು ಬೋಧಿಸಬೇಕೋ ಎಂಬ ಚರ್ಚೆ ಬಹು ಹಳೆಯದು. ಮಮ್ಮಟನು ಕಾವ್ಯಪ್ರಯೋಜನಗಳನ್ನು ಎಣಿಸುವಾಗ ಎರಡಕ್ಕೂ ಎಡೆಗೊಟ್ಟನು: ಓದಿದೊಡನೆಯೇ ಉಂಟಾಗುವ ಪರಮಾನಂದ ಒಂದು, ಕಾಂತೆಯ ನುಡಿಯಂತೆ ಮನವೊಲಿಸುವ ಉಪದೇಶ ಇನ್ನೊಂದು. ಆದರೆ ಇವೆರಡರ ನಂಟು ಎಂತಹುದು?

ರನ್ನನ ‘ಗದಾಯುದ್ಧ’ವನ್ನೇ ನೋಡೋಣ. 10ನೆಯ ಶತಮಾನದ ಕೊನೆಯ ಭಾಗದಲ್ಲಿ ರಚಿತವಾದ ಈ ಕಾವ್ಯಕ್ಕೆ ಭೀಮನೇ ನಾಯಕ. ಕವಿ ತನ್ನ ಆಶ್ರಯದಾತನಾದ ಸತ್ಯಾಶ್ರಯನನ್ನು ಅವನೊಡನೆ ಸಮೀಕರಿಸಿದ್ದಾನೆ. ಆದರೂ ರಣಭೂಮಿಯ ಹೆಣಗಳ ನಡುವೆ ನಡೆಯುತ್ತ, ಮಡಿದ ಮಗನಿಗಾಗಿ, ತಮ್ಮನಿಗಾಗಿ, ಕರ್ಣನಿಗಾಗಿ ಮರುಗುವ ದುರ್ಯೋಧನನೇ ನಮ್ಮ ಹೃದಯವನ್ನು ಸೆಳೆಯುತ್ತಾನೆ. ಶತ್ರುಪುತ್ರನಾದ ಅಭಿಮನ್ಯುವಿನ ಶೌರ್ಯವನ್ನು ಕೊಂಡಾಡಿ, ಅಂಥ ಮರಣವೇ ತನಗೂ ದೊರೆಯಲೆಂದು ಬಯಸುತ್ತಾನೆ. ಇಲ್ಲಿ ನಾವು ಅಧರ್ಮವನ್ನು ಮೆಚ್ಚಿದಂತಾಯಿತೇ?

ಇಲ್ಲವೆಂದೇ ನನ್ನ ಎಣಿಕೆ. ದ್ರೌಪದಿಗಾದ ಅನ್ಯಾಯವನ್ನು ರನ್ನನು ಮರೆಸಿಲ್ಲ. ಅವನ ಸಮಕಾಲೀನನಾದ ಕಾಶ್ಮೀರದ ಅಭಿನವಗುಪ್ತನು ವಿವರಿಸಿದಂತೆ, ರಸಾನುಭವದಲ್ಲಿ ಭಾವವು ‘ನನ್ನದು, ಪರರದು’ ಎಂಬ ಕಟ್ಟನ್ನು ಕಳಚಿಕೊಂಡು ಸಾಧಾರಣವಾಗುತ್ತದೆ. ದುರ್ಯೋಧನನ ತಪ್ಪು ತಪ್ಪಾಗಿಯೇ ಉಳಿದು, ಅವನ ದುಃಖ ಮಾತ್ರ ಮನುಷ್ಯಮಾತ್ರದ ದುಃಖವಾಗುತ್ತದೆ. ಸ್ವಾರ್ಥದ ಈ ವಿಸ್ಮರಣೆಯೇ ಧರ್ಮಕ್ಕೂ ಬುನಾದಿ.

ಆದರೆ ಈ ವಿಸ್ಮರಣೆ ಕ್ಷಣಿಕ. ಪುಸ್ತಕವನ್ನು ಮುಚ್ಚಿದೊಡನೆ ರಸಾನಂದ ಮುಗಿಯುತ್ತದೆ. ಅದಕ್ಕೆ ಸಂಕಲ್ಪದ ಶ್ರಮವಿಲ್ಲ. ಕಾವ್ಯದ ದುರ್ಯೋಧನನಿಗಾಗಿ ಕಣ್ಣೀರಿಟ್ಟವನು ನೆರೆಮನೆಯವನ ನೋವಿಗೆ ಕಿವುಡನಾಗಿರಬಲ್ಲ. ಆ ದೋಷವನ್ನು ಕಾವ್ಯದ ಮೇಲೆ ಹೊರಿಸಲಾಗದು. ಅದರ ಪರಿಹಾರವನ್ನು ಕಾವ್ಯವೊಂದರಿಂದಲೇ ನಿರೀಕ್ಷಿಸಲೂ ಆಗದು. ಪರರ ನೋವು ನಮ್ಮದಾಗಬಲ್ಲದೆಂಬುದನ್ನು ಕವಿ ಅನುಭವಕ್ಕೆ ತಂದುಕೊಡುತ್ತಾನೆ. ಆ ಬಳಿಕ ಅದರಂತೆ ನಡೆಯಬೇಕಾದವರು ನಾವು.