ಹಿಮನದಿಗೆ ಹೋಗುವಾಗ ಹತ್ತಿ ಬಟ್ಟೆ ಬೇಡ

ಹಿಮನದಿ ಎಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಸಿಯಾಚಿನ್. ಕುಂದಗೋಳ ತಾಲ್ಲೂಕಿನ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ 2016ರ ಫೆಬ್ರುವರಿಯಲ್ಲಿ ಅಲ್ಲಿನ ಹಿಮಕುಸಿತದಲ್ಲಿ ಹೂತುಹೋಗಿ, ಆರು ದಿನಗಳ ನಂತರ ಜೀವಂತ ಸಿಕ್ಕು, ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅದು ಸೈನಿಕರ ಜಾಗ. ಗೈಡ್ ಜೊತೆಗೆ ನಮ್ಮಂಥವರೂ ಹೋಗಬಹುದಾದ ಹಿಮನದಿಗಳೂ ಇವೆ. 2024ರ ಮೇ ರಜೆಯಲ್ಲಿ ಮಾಮಾನ ಮನೆಯವರೊಂದಿಗೆ ಕಾಶ್ಮೀರಕ್ಕೆ ಹೋದಾಗ ಸೋನಮಾರ್ಗ್‌ನಿಂದ ಥಾಜಿವಾಸ್ ಹಿಮನದಿಯ ಬುಡದವರೆಗೆ ನಡೆದುಬಂದೆ. ಅಂದಿನಿಂದ ತರಗತಿಯಲ್ಲಿ ಎಲ್ಲರೂ ಕೇಳುವುದು ಒಂದೇ: ಚಳಿ ಎಷ್ಟಿತ್ತು, ಏನು ಹಾಕಿಕೊಂಡಿದ್ದೆ?

ಅಲ್ಲಿ ಚಳಿಗಿಂತ ಹೆಚ್ಚು ಹೆದರಬೇಕಾದದ್ದು ಒದ್ದೆಗೆ. ನಮ್ಮದು ಹತ್ತಿ ಬೆಳೆಯುವ ಎರೆಭೂಮಿ, ಮಗ್ಗದ ಸದ್ದೂ ನಮಗೆ ಹೊಸದಲ್ಲ. ಆದರೂ ಹಿಮದ ಮೇಲೆ ಹತ್ತಿ ಬನಿಯನ್, ಜೀನ್ಸ್ ಬೇಡವೇ ಬೇಡ. ಏರು ಹತ್ತುವಾಗ ಎಂಥ ಚಳಿಯಲ್ಲೂ ಬೆವರು ಬರುತ್ತದೆ. ಹತ್ತಿ ಅದನ್ನು ಹೀರಿಕೊಂಡು ಬೇಗ ಆರುವುದಿಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಸೆಳೆಯುತ್ತದೆ. ಬೇಸಿಗೆಯಲ್ಲಿ ಹರವಿಯ ನೀರು ಏಕೆ ತಂಪಾಗುತ್ತದೆ? ಹೊರಮೈಯ ತೇವ ಆರುವಾಗ ಒಳಗಿನ ಶಾಖವನ್ನು ತೆಗೆದುಕೊಂಡು ಹೋಗುತ್ತದೆ. ಒದ್ದೆ ಬನಿಯನ್ ನಮಗೂ ಅದನ್ನೇ ಮಾಡುತ್ತದೆ. ಉಣ್ಣೆ ಹಾಗಲ್ಲ. ಮಳೆಯಲ್ಲಿ ಕಂಬಳಿ ಹೊದ್ದು ಕುರಿ ಕಾಯುವವರನ್ನು ನೋಡಿದ್ದೀರಲ್ಲ, ತೊಯ್ದ ಮೇಲೂ ಉಣ್ಣೆಯ ಎಳೆಗಳ ನಡುವೆ ಗಾಳಿ ಉಳಿದು ಮೈ ಬೆಚ್ಚಗಿರುತ್ತದೆ.

ಆದ್ದರಿಂದ ಮೈಗೆ ಅಂಟುವಂತೆ ಉಣ್ಣೆ ಅಥವಾ ಪಾಲಿಯೆಸ್ಟರ್ ಬನಿಯನ್, ಅದರ ಮೇಲೆ ಸ್ವೆಟರ್, ಎಲ್ಲಕ್ಕೂ ಮೇಲೆ ಗಾಳಿ-ಮಳೆ ತಡೆಯುವ ಜಾಕೆಟ್ ಇರಲಿ. ನಡೆಯುವಾಗ ಒಂದು ಬಿಚ್ಚಿ, ನಿಂತ ತಕ್ಷಣ ಹಾಕಿಕೊಳ್ಳಬೇಕು. ಸೋನಮಾರ್ಗ್‌ನಲ್ಲಿ ಬಾಡಿಗೆಗೆ ಕೊಡುವ ಭಾರದ ಕೋಟು ಫೋಟೊಕ್ಕೆ ಚೆನ್ನ, ಏರು ಹತ್ತಲು ಅಲ್ಲ. ಗಮ್ ಬೂಟು ನೀರು ತಡೆಯುತ್ತದೆ, ಆದರೆ ಹಿಮ್ಮಡಿಯನ್ನು ಹಿಡಿಯುವುದಿಲ್ಲ. ಒಂದು ಜೊತೆ ಉಣ್ಣೆಯ ಕಾಲುಚೀಲವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಟ್ಟುಕೊಳ್ಳಿ. ಹುಡುಗಿಯರು ವೇಲನ್ನು ಟೋಪಿಯೊಳಗೆ ಸೇರಿಸಿಕೊಂಡರೆ ಗಾಳಿಯ ಕಾಟ ತಪ್ಪುತ್ತದೆ. ಕಪ್ಪು ಕನ್ನಡಕ ಮರೆಯಬೇಡಿ. ಹಿಮದಿಂದ ಚಿಮ್ಮುವ ಬಿಸಿಲು ಕಣ್ಣನ್ನು ಸುಡುತ್ತದೆ.

ಪ್ರವಾಸಿಗರು ಜಾರಿ ಆಡುವ ಕೆಳಗಿನ ಹಿಮ ಬಹುತೇಕ ಆಯಾ ಚಳಿಗಾಲದ್ದು. ನಿಜವಾದ ಹಿಮನದಿ ಇರುವುದು ಮೇಲೆ. ವರ್ಷಗಟ್ಟಲೆ ಬಿದ್ದ ಹಿಮ ತನ್ನದೇ ಭಾರಕ್ಕೆ ಒತ್ತಿ ಮಂಜುಗಡ್ಡೆಯಾಗಿ, ನಿಧಾನವಾಗಿ ಕೆಳಗೆ ಹರಿಯುತ್ತದೆ. ಹರಿಯುವಾಗ ಬಿರುಕು ಬಿಡುತ್ತದೆ. ಆ ಬಿರುಕುಗಳ ಬಾಯಿಯನ್ನು ಹೊಸ ಹಿಮ ಮುಚ್ಚಿರಬಹುದು. ಅಂಥ ಕಡೆ ಗೈಡ್ ಎಲ್ಲರನ್ನೂ ಒಂದೇ ಹಗ್ಗಕ್ಕೆ ಕಟ್ಟುತ್ತಾರೆ, ಬೂಟಿನಡಿ ಕಬ್ಬಿಣದ ಹಲ್ಲುಗಳಿರುವ ಕ್ರಾಂಪಾನ್ ತೊಡಿಸುತ್ತಾರೆ. ಅವರ ಹೆಜ್ಜೆಯ ಮೇಲೇ ನಿಮ್ಮ ಹೆಜ್ಜೆ ಇರಬೇಕು. ಹೊರಡುವುದು ನಸುಕಿನಲ್ಲಿ, ಏಕೆಂದರೆ ಬಿಸಿಲೇರಿದಂತೆ ಹಿಮ ಮೆತ್ತಗಾಗಿ ಕಲ್ಲುಗಳು ಉರುಳುತ್ತವೆ. ಸೋನಮಾರ್ಗೇ ಸುಮಾರು 9 ಸಾವಿರ ಅಡಿ ಎತ್ತರದಲ್ಲಿದೆ. ಇನ್ನೂ ಮೇಲೆ ಹೋದಾಗ ತಲೆನೋವು, ವಾಕರಿಕೆ ಬಂದರೆ ನಾಚಿಕೊಳ್ಳದೆ ಹೇಳಿ, ಕೆಳಗಿಳಿಯಬೇಕು.

ನಾವು ಊರಿಗೆ ಬಂದ ಮೇಲೆ, ಜೂನ್ ಮೊದಲ ವಾರ, ಉತ್ತರಾಖಂಡದ ಸಹಸ್ರತಾಲ್‌ನಿಂದ ಸುದ್ದಿ ಬಂತು. ಅದು ಎತ್ತರದ ಸರೋವರಗಳ ಜಾಗ. 22 ಜನರ ತಂಡದಲ್ಲಿ ಹೆಚ್ಚಿನವರು ಕರ್ನಾಟಕದವರು, ಸ್ಥಳೀಯ ಗೈಡ್‌ಗಳೂ ಜೊತೆಗಿದ್ದರು. ಹಿಂದಿರುಗುವ ದಾರಿಯಲ್ಲಿ ಹಿಮಗಾಳಿಗೆ ಸಿಲುಕಿ 9 ಜನ ತೀರಿಕೊಂಡರು. ಅವರಲ್ಲಿ ಚಾರಣದ ಅನುಭವ ಇದ್ದವರೂ ಇದ್ದರು. ಅದನ್ನು ಓದಿದ ಮೇಲೆ ನನಗೆ ಜಾಕೆಟ್‌ಗಿಂತಲೂ ಮುಖ್ಯ ಅನ್ನಿಸಿದ್ದು ಹಣ ಕೊಡುವ ಮುಂಚೆ ಗೈಡ್‌ಗೆ ಕೇಳಬೇಕಾದ ಮಾತುಗಳು: ನಾಳೆಯ ಹವಾಮಾನ ನೋಡಿದ್ದೀರಾ? ಎಷ್ಟು ಗಂಟೆಗೆ, ಎಲ್ಲಿದ್ದರೂ ಹಿಂದಕ್ಕೆ ತಿರುಗುತ್ತೀರಿ? ಫೋನ್ ಸಿಗದ ಕಡೆ ಕೆಳಗಿನವರಿಗೆ ಹೇಗೆ ತಿಳಿಸುತ್ತೀರಿ?